ಎರಡು ಎಣಿಸುವಷ್ಟು ಹೊತ್ತು

ಆ ಬೀದಿಯಲ್ಲಿ ಅವನಿಗೆ ಫ್ಯೂಸಣ್ಣ ಎಂದು ಹೆಸರು ಬಿದ್ದದ್ದು ಕಸುಬಿನಿಂದಲ್ಲ, ಕೋಪದಿಂದ. ಗಾಡಿಗಳ ವೈರಿಂಗ್ ಮಾಡುವವನು ಎಂಬುದು ನಿಜವೇ. ಆದರೆ ಮೂಗಿನ ತುದಿಯಲ್ಲಿರುತ್ತಿದ್ದ ಅವನ ಕೋಪ ಚಟ್ಟನೆ ಸಿಡಿಯುತ್ತಿತ್ತು, ಸಿಡಿದ ಮೇಲೆ ಮನುಷ್ಯ ಪೂರ್ತಿ ತಣ್ಣಗಾಗಿ, ಹೇಳಿದ್ದನ್ನೆಲ್ಲ ಮಾಡಿಕೊಡುವಷ್ಟು ಮೆತ್ತಗಾಗಿಬಿಡುತ್ತಿದ್ದ. ಇದು ಗೊತ್ತಿದ್ದ ಹಳೇ ಗಿರಾಕಿಗಳು ಅವಸರದ ಕೆಲಸವಿದ್ದರೆ ಮೊದಲು ಬೇಕೆಂದೇ ಅವನನ್ನು ಕೆಣಕಿ, ಚೆನ್ನಾಗಿ ಬೈಸಿಕೊಂಡು, ಆಮೇಲೆ ಗಾಡಿ ಒಳಗೆ ಬಿಡುತ್ತಿದ್ದರು.

ಅಂಗಡಿ ಎಂದರೆ ಒಂದೇ ಷಟರಿನ ಉದ್ದನೆಯ ಕೋಣೆ. ಒಂದು ಗಾಡಿ ಒಳಗೆ ಬಂದಿತೆಂದರೆ ಮನುಷ್ಯ ಅಡ್ಡಡ್ಡಲಾಗಿ ನಡೆಯಬೇಕು. ಗೋಡೆಗೆ ಬಣ್ಣಬಣ್ಣದ ತಂತಿಯ ಸುರುಳಿಗಳು, ಮೇಜಿನ ಮೇಲೆ ಬೆಸುಗೆ ಕಡ್ಡಿ, ಟೆಸ್ಟರ್ ಲ್ಯಾಂಪು, ಕಪ್ಪು ಟೇಪಿನ ಉರುಳೆಗಳು. ಎಡಗಡೆಯ ಡ್ರಾಯರು ಪೂರ್ತಿ ಎಳೆದರೆ ಕಾಲಮೇಲೇ ಬೀಳುವಂಥದ್ದು. ಅದರೊಳಗೆ ಮುಂದೆಂದೋ ಬೇಕಾದೀತೆಂದು ಎತ್ತಿಟ್ಟ ಸಾಮಾನು. ಆ ಡ್ರಾಯರನ್ನು ನೆನಪಿನಲ್ಲಿಟ್ಟುಕೊಳ್ಳಿ.

ಅವನಿಗೆ ಕೆಲಸ ಕಲಿಸಿದ ಮುದುಕ ಮೇಸ್ತ್ರಿ ಒಂದೇ ಒಂದು ಕಟ್ಟಳೆ ಹೇಳಿಕೊಟ್ಟು ಸತ್ತಿದ್ದ. ದೋಷ ಎಲ್ಲಿದೆ ಎಂದು ಹುಡುಕುವಾಗ ಕೆಲವೊಮ್ಮೆ ಇರುವ ದಾರಿ ಬಿಟ್ಟು ಬೇರೊಂದು ತಂತಿಯನ್ನು ನೇರವಾಗಿ ಎಳೆದು ನೋಡಬೇಕಾಗುತ್ತದೆ. ಕಸುಬಿನವರು ಅದಕ್ಕೆ ಡೈರೆಕ್ಟ್ ಕೊಡುವುದು ಎನ್ನುತ್ತಾರೆ. ಡೈರೆಕ್ಟ್ ಕೊಟ್ಟ ತಂತಿಗೆ ಒಂದು ಕೆಂಪು ಬಟ್ಟೆಯ ಚೂರು ಕಟ್ಟಬೇಕು, ಕೆಂಪು ಬಟ್ಟೆ ಬಿಚ್ಚುವ ತನಕ ಗಾಡಿ ಷಟರ್ ದಾಟಬಾರದು, ಬಿಚ್ಚುವುದೆಂದರೆ ತಂತಿಯ ಸಮೇತ ಬಿಚ್ಚುವುದು. ಇಷ್ಟೇ. ಇಪ್ಪತ್ತೆರಡು ವರ್ಷ ಫ್ಯೂಸಣ್ಣ ಈ ಕಟ್ಟಳೆ ಮೀರಿರಲಿಲ್ಲ. ಒಮ್ಮೆ ಆಸ್ಪತ್ರೆಗೆ ಹೊರಟಿದ್ದ ದೊಡ್ಡ ಡಾಕ್ಟರೊಬ್ಬರ ಕೀಲಿಯನ್ನು ತನ್ನ ಜೇಬಿಗೆ ಹಾಕಿಕೊಂಡು, "ನಿಮ್ಮ ರೋಗಿ ಹೊಟ್ಟೇಲಿ ಕತ್ತರಿ ಬಿಟ್ಟು ಹೊಲಿಗೆ ಹಾಕ್ತೀರಾ ಸಾರ್? ಇಲ್ಲ ಅಲ್ವಾ? ಹಾಗಾದ್ರೆ ಆಟೋದಲ್ಲಿ ಹೋಗಿ" ಎಂದು ಕಳಿಸಿದ್ದ. ಆ ಕಥೆಯನ್ನು ತಾನೇ ಎಷ್ಟು ಸಲ ಹೇಳಿದ್ದನೋ ಲೆಕ್ಕವಿಲ್ಲ.

ಅವನಿಗೆ ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ನನ್ನ ಕೋಪಕ್ಕೆ ಮನೇಲೊಂದು ಸಾಕ್ಷಿ ಬೇಡ ಅಂತ" ಎನ್ನುತ್ತಿದ್ದ. ಇದ್ದವಳು ಒಬ್ಬಳೇ ತಂಗಿ. ಅಪ್ಪ ಸಿಗರೇಟು ಸೇದಿ ಸೇದಿ ಶ್ವಾಸಕೋಶ ಹಾಳು ಮಾಡಿಕೊಂಡು, ಎರಡು ವರ್ಷ ಕೆಮ್ಮಿ ಕೆಮ್ಮಿ ಹೋದಾಗ ಅವಳಿಗೆ ಹತ್ತೊಂಬತ್ತು. ಆ ಎರಡು ವರ್ಷ ಅಪ್ಪನ ಬೆನ್ನು ನೀವಿದವಳು, ಬಟ್ಟಲು ಹಿಡಿದವಳು ಅವಳೇ. ಮದುವೆಯಾಗಿ ಎರಡು ಬೀದಿ ಆಚೆ, ಮಹಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿದ್ದಳು. ಅಣ್ಣನಿಗೆ ಮಧ್ಯಾಹ್ನದ ಊಟ ಅಲ್ಲೇ. ಅವನಿಗೆಂದೇ ಅಂಚು ಸೊಟ್ಟಗಾದ ಒಂದು ತಟ್ಟೆಯಿತ್ತು, ಬೇರೆ ತಟ್ಟೆಯಲ್ಲಿ ಬಡಿಸಿದರೆ ಅದಕ್ಕೂ ಒಂದು ಸಿಡಿತ ಇರುತ್ತಿತ್ತು. ಪ್ರಪಂಚದಲ್ಲಿ ಅವನ ಪಾಲಿಗೆ ಮನೆ ಎಂದು ಇದ್ದದ್ದು ಆ ತಟ್ಟೆ ಇಡುವ ಜಾಗ.

ತಂಗಿಯ ಗಂಡ ಹಾಸಿಗೆ ಸಾಗಿಸುವವನು. ಕಾರ್ಖಾನೆಯಿಂದ ಫೋಮಿನ ಹಾಸಿಗೆ, ದಿಂಬುಗಳನ್ನು ತನ್ನ ಹಳೇ ಪಿಕಪ್ಪಿನಲ್ಲಿ ಆಳೆತ್ತರ ಪೇರಿಸಿ, ನೈಲಾನ್ ಹಗ್ಗದಿಂದ ಬಿಗಿದು, ಅಂಗಡಿಗಳಿಗೆ ಇಳಿಸಿ ಬರುವುದು ಅವನ ಕೆಲಸ. "ಊರಿಗೆಲ್ಲ ನಿದ್ದೆ ಹಂಚೋನು, ನೀನ್ಯಾವಾಗ ಮಲಗ್ತೀಯೋ ಭಾವ?" ಎಂದು ಫ್ಯೂಸಣ್ಣ ಛೇಡಿಸಿದರೆ, "ನಿಮ್ಮ ತಂಗಿ ಮಾತು ನಿಲ್ಲಿಸಿದ ದಿನ ಭಾವ" ಎನ್ನುವ ನಗೆಮೊಗದ ಮನುಷ್ಯ. ಮಗಳು ಹುಟ್ಟುವ ತನಕ ಅವನೂ ಸೇದುತ್ತಿದ್ದ. ಮಗು ಮನೆಗೆ ಬಂದ ದಿನ ಹೆಂಡತಿ ಅದನ್ನು ಅವನ ತೊಡೆಯ ಮೇಲೆ ಮಲಗಿಸಿ, "ಇವಳ ಮೇಲೆ ಆಣೆ ಇಡಿ" ಎಂದಿದ್ದಳು. ಅವನು ಆಣೆ ಇಟ್ಟಿದ್ದ.

ಇನ್ನು ಪಿಕಪ್ಪಿನ ವಿಷಯ. ಅದು ಫ್ಯೂಸಣ್ಣನ ತಂಗಿಗಿಂತ ಹಿರಿಯದು. ತಗಡು ಗಟ್ಟಿ, ಚಾಸಿ ಗಟ್ಟಿ, ಎಂಜಿನ್ ಮಾತ್ರ ಸತ್ತಿತ್ತು. ಹೊಸ ಗಾಡಿ ತಗೋ ಎಂದರೆ ಭಾವ ಕೇಳುವವನಲ್ಲ. ಎಲ್ಲೋ ಹಿಂಭಾಗ ಜಜ್ಜಿಹೋಗಿ ಗುಜರಿಗೆ ಬಂದ ಹೊಸ ಕಾರೊಂದರ ಪೆಟ್ರೋಲ್ ಎಂಜಿನ್ನನ್ನು, ಅದರ ಕಂಪ್ಯೂಟರು, ತಂತಿಗಳ ಸಮೇತ ತಂದು ಅಂಗಡಿಯ ಮುಂದೆ ಇಳಿಸಿದ.

"ಅಜ್ಜನಿಗೆ ಕಾಲೇಜು ಹುಡುಗಿ ತಂದಿದೀಯಲ್ಲೋ!" ಎಂದು ಫ್ಯೂಸಣ್ಣ ಕೂಗಾಡಿದ. "ಇದಕ್ಕೆ ನೂರೆಂಟು ತಂತಿ. ನಿನ್ನ ಗಾಡೀಲಿ ಎಷ್ಟಿದೆ ಗೊತ್ತಾ? ಕಣ್ಣು ಮುಚ್ಕೊಂಡು ಎಣಿಸಬಹುದು."

"ಅದಕ್ಕೇ ನಿಮ್ಮ ಹತ್ರ ತಂದಿದ್ದು ಭಾವ. ಬೇರೆಯವ್ರಿಗೆ ಆಗಲ್ಲ ಅಂದ್ರು."

ಸಿಡಿತ ಅಲ್ಲಿಗೆ ಮುಗಿಯಿತು. ಬೇರೆಯವರಿಗೆ ಆಗುವುದಿಲ್ಲ ಎಂಬ ಮಾತು ಅವನ ಒಳಗಿನ ಯಾವುದೋ ಗುಂಡಿ ಒತ್ತುತ್ತಿತ್ತು. ಮೆಕ್ಯಾನಿಕ್ ಒಬ್ಬ ಎಂಜಿನ್ ಕೂರಿಸಿಕೊಟ್ಟು ಹೋದ. ವೈರಿಂಗಿಗೆ ಫ್ಯೂಸಣ್ಣ ಆರು ವಾರ ತೆಗೆದುಕೊಂಡ. ಕಾರಿನ ತಂತಿಗಳ ಆ ದೊಡ್ಡ ಜಡೆಯನ್ನು ಅಂಗಡಿಯ ನೆಲದ ಮೇಲೆ ಉದ್ದಕ್ಕೆ ಹಾಸಿ, ಟೇಪು ಸುಲಿದು, ಒಂದೊಂದನ್ನೇ ನಕ್ಷೆ ನೋಡಿ ಗುರುತಿಸಿ ಚೀಟಿ ಅಂಟಿಸಿದ. ಕಿಟಕಿ ಏರಿಸುವ ತಂತಿ, ತಂಪು ಗಾಳಿಯ ತಂತಿ, ಈ ಗಾಡಿಗೆ ಬೇಡದ್ದನ್ನೆಲ್ಲ ಕಿತ್ತೆಸೆದ. ಉಳಿದದ್ದನ್ನು ಪಿಕಪ್ಪಿನ ಹಳೇ ತಂತಿಗಳಿಗೆ ಬೆಸೆದ. ಹೊಸ ಎಂಜಿನ್ ಜಾಗವನ್ನೆಲ್ಲ ತಿಂದುಬಿಟ್ಟಿದ್ದರಿಂದ ಬ್ಯಾಟರಿಯನ್ನು ಸೀಟಿನ ಹಿಂದಕ್ಕೆ ಸಾಗಿಸಿದ. ಕೆಲಸ ಅಷ್ಟು ಅಚ್ಚುಕಟ್ಟಾಗಿತ್ತು ಎಂದರೆ ಪಕ್ಕದ ಅಂಗಡಿಯವರು ಊಟದ ಹೊತ್ತಿನಲ್ಲಿ ಬಂದು ಸುಮ್ಮನೆ ನೋಡಿ ಹೋಗುತ್ತಿದ್ದರು.

ತೊಂದರೆ ಕೊಟ್ಟದ್ದು ಪೆಟ್ರೋಲ್ ಪಂಪು. ಹಳೇ ಎಂಜಿನ್ನಿನಲ್ಲಿ ಪಂಪನ್ನು ಎಂಜಿನ್ನೇ ತಿರುಗಿಸುತ್ತಿತ್ತು. ಎಂಜಿನ್ ನಿಂತರೆ ಪಂಪೂ ನಿಂತ ಹಾಗೆ. ಹೊಸದರಲ್ಲಿ ಪಂಪು ಟ್ಯಾಂಕಿನೊಳಗೆ, ಕರೆಂಟಿನಿಂದ ಓಡುವಂಥದ್ದು. ಕೀಲಿ ತಿರುಗಿಸಿದ ಕೂಡಲೇ ಕಂಪ್ಯೂಟರು ಅದನ್ನು ಎರಡು ಎಣಿಸುವಷ್ಟು ಹೊತ್ತು ಮಾತ್ರ ಓಡಿಸಿ ನಿಲ್ಲಿಸುತ್ತದೆ. ಎಂಜಿನ್ ತಿರುಗುತ್ತಿದೆ ಎಂದು ಖಾತ್ರಿಯಾದರೆ ಮತ್ತೆ ಓಡಿಸುತ್ತದೆ. ಗಾಡಿ ಎಲ್ಲಾದರೂ ಗುದ್ದಿ ಎಂಜಿನ್ ನಿಂತರೆ, ತಕ್ಷಣ ಪಂಪನ್ನೂ ನಿಲ್ಲಿಸುತ್ತದೆ. ಆ ಎರಡು ಎಣಿಕೆ ಇರುವುದೇ ಅದಕ್ಕೆ.

ಪಂಪು ಓಡಿ ನಿಲ್ಲುವ ಈ ಸದ್ದು ತಂಗಿಯ ಮಗಳಿಗೆ ಬಹಳ ಇಷ್ಟ. ಆರು ವರ್ಷದ ಪುಟ್ಟಿ ಶಾಲೆ ಬಿಟ್ಟು ಮಾವನ ಅಂಗಡಿಗೆ ಬಂದರೆ, ಅಲ್ಲಿ ನಿಂತಿರುವ ಹೊಸ ಗಾಡಿಗಳ ಹಿಂದಿನ ಸೀಟಿನಲ್ಲಿ ಕೂರುವಳು. ಮಾವ ಕೀಲಿ ತಿರುಗಿಸುವನು. ಹಿಂದಿನಿಂದ ಗುಂಯ್ ಎನ್ನುವುದು. "ಒಂದು, ಎರಡು... ನಿಂತ್ಕೊಳ್ತು!" ಎಂದು ಚಪ್ಪಾಳೆ ತಟ್ಟುವಳು. "ಗಾಡಿ ಎದ್ದ ಕೂಡ್ಲೇ ಒಂದು ಗುಟುಕು ಕುಡಿಯುತ್ತೆ ಪುಟ್ಟಿ, ಅಷ್ಟೇ. ಜಾಸ್ತಿ ಕುಡಿಯಬಾರದು" ಎಂದು ಮಾವ ಹೇಳಿಕೊಟ್ಟಿದ್ದ.

ಪಿಕಪ್ಪಿನಲ್ಲಿ ಎಂಜಿನ್ ಹತ್ತಿ, ಎರಡು ಎಣಿಸುವುದರೊಳಗೆ ಆರಿಹೋಗುತ್ತಿತ್ತು. ಪಂಪಿಗೆ ಅಪ್ಪಣೆ ಕೊಡಬೇಕಾದ ಕಂಪ್ಯೂಟರಿನ ತಂತಿ ಒಮ್ಮೆ ಮಾತಾಡುತ್ತಿತ್ತು, ಒಮ್ಮೆ ಇಲ್ಲ. ಮೂರು ದಿನ ತಲೆ ಕೆಡಿಸಿಕೊಂಡ. ನಾಲ್ಕನೇ ದಿನ, ದೋಷ ಪಂಪಿನದೋ ಕಂಪ್ಯೂಟರಿನದೋ ನೋಡೇಬಿಡೋಣ ಎಂದು, ಬಾನೆಟ್ಟಿನ ಕೆಳಗೆ ಕೀಲಿಯ ತಂತಿಯಿಂದ ಪಂಪಿನ ತಂತಿಗೆ ಗೇಣುದ್ದದ ತುಂಡೊಂದನ್ನು ಡೈರೆಕ್ಟ್ ಕೊಟ್ಟು, ಕೆಂಪು ಬಟ್ಟೆ ಕಟ್ಟಿ, ಚಾಲೂ ಮಾಡಿದ. ಎಂಜಿನ್ ಹಾಡಿನಂತೆ ಓಡಿತು. ಭಾವ ಅಲ್ಲೇ ಅವನನ್ನು ತಬ್ಬಿಕೊಂಡುಬಿಟ್ಟ.

"ಇದು ಬರೀ ಪರೀಕ್ಷೆಗೆ ಕಣೋ. ಬಿಚ್ಚಬೇಕು" ಎಂದ ಫ್ಯೂಸಣ್ಣ.

"ಬಿಚ್ಚಿ ಭಾವ, ಯಾರು ಬೇಡ ಅಂದ್ರು? ಆದ್ರೆ ಆರು ವಾರ ಆಯ್ತು, ಕಾರ್ಖಾನೆಯವ್ರು ಬೇರೆ ಗಾಡಿ ನೋಡ್ಕೊಳ್ತೀವಿ ಅಂತಿದಾರೆ. ಈ ವಾರ ಓಡಿಸ್ತೀನಿ, ಭಾನುವಾರ ತಂದು ನಿಲ್ಲಿಸ್ತೀನಿ."

ಫ್ಯೂಸಣ್ಣ ಬೈಯಬೇಕಿತ್ತು. ಡಾಕ್ಟರಿಗೆ ಬೈದವನು ಭಾವನಿಗೆ ಬೈಯಬಹುದಿತ್ತು. ಅಷ್ಟರಲ್ಲಿ ತಂಗಿ ಮಗಳ ಕೈ ಹಿಡಿದು ಗಾಡಿ ನೋಡಲು ಬಂದಳು, ಪಕ್ಕದ ಅಂಗಡಿಯವರು ಬಂದರು, ಯಾರೋ "ಎಲ್ಲಾ ನಿಂತ್ಕೊಳ್ಳಿ, ಒಂದು ಫೋಟೋ ತೆಗೀತೀನಿ" ಎಂದರು. ಬಾನೆಟ್ ಎತ್ತಿತ್ತು. ಆರು ವಾರದ ಕೆಲಸ ಒಂದೇ ನೋಟಕ್ಕೆ ಕಾಣುವಂತೆ ತೆರೆದುಕೊಂಡಿತ್ತು. ಅದರ ನಟ್ಟನಡುವೆ ಕೊಳಕು ಕೆಂಪು ಚಿಂದಿಯೊಂದು ನೇತಾಡುತ್ತಿತ್ತು. ಫ್ಯೂಸಣ್ಣ ಬಾಗಿ, ಕತ್ತರಿಯಿಂದ ಚಿಂದಿಯನ್ನಷ್ಟೇ ಕತ್ತರಿಸಿ, ಆ ತಂತಿಯನ್ನು ಉಳಿದವುಗಳ ಜೊತೆ ಸೇರಿಸಿ ಕಪ್ಪು ಟೇಪು ಸುತ್ತಿಬಿಟ್ಟ. ಫೋಟೋದಲ್ಲಿ ಚೆನ್ನಾಗಿ ಕಾಣಲಿ ಎಂದು. ಬೇರೆ ಯಾವ ಕಾರಣವೂ ಇರಲಿಲ್ಲ.

ಫೋಟೋ ಆದ ಮೇಲೆ ಪುಟ್ಟಿಯನ್ನು ಸೀಟಿನ ಮೇಲೆ ಕೂರಿಸಿ ಕೀಲಿ ತಿರುಗಿಸಿದ. ಗುಂಯ್ ಎಂದಿತು. ಮಗು ಎಣಿಸತೊಡಗಿತು. ಎರಡು ಆಯಿತು, ಐದು ಆಯಿತು, ಹತ್ತು ಆಯಿತು.

"ಮಾವಾ, ನಿಲ್ತಾನೇ ಇಲ್ಲ!"

"ಇದು ಬೇರೆ ಥರದ ಗಾಡಿ ಪುಟ್ಟಿ" ಎಂದ. ಭಾವನಿಗೆ ಮಾತ್ರ, "ನೋಡು, ಎಲ್ಲಾದ್ರೂ ಎಂಜಿನ್ ಆಫ್ ಆದ್ರೆ ಕೀ ಪೂರ್ತಿ ಹಿಂದಕ್ಕೆ ತಿರುಗಿಸಿಬಿಡು, ಮರೀಬೇಡ" ಎಂದು ಹೇಳಿದ. ಭಾವ ತಲೆಯಾಡಿಸಿದ.

ಆ ಭಾನುವಾರ ಗಾಡಿ ಬರಲಿಲ್ಲ. ಮರು ಭಾನುವಾರ ಫ್ಯೂಸಣ್ಣನಿಗೆ ಬೇರೆ ಕೆಲಸವಿತ್ತು. ಗುಜರಿಯಲ್ಲಿ ಹುಡುಕಿ, ಗಾಡಿಗೆ ಜೋರಾಗಿ ಪೆಟ್ಟು ಬಿದ್ದರೆ ತಾನಾಗಿ ಕರೆಂಟು ಕಡಿಯುವ ಪುಟ್ಟ ಸ್ವಿಚ್ಚೊಂದನ್ನು ತಂದಿಟ್ಟ, ಬೆಂಕಿಪೊಟ್ಟಣದಷ್ಟು ಗಾತ್ರದ್ದು. ಅದನ್ನು ಕೂರಿಸಲು ಒಂದು ಗಂಟೆ ಸಾಕಾಗಿತ್ತು. ಎಡಗಡೆಯ ಡ್ರಾಯರಿನಲ್ಲಿ ಅದು ಎಂಟು ತಿಂಗಳು ಬಿದ್ದಿತ್ತು. ಮರೆತಿದ್ದ ಎಂದು ಹೇಳಿದರೆ ಅವನ ಪರ ಸುಳ್ಳು ಹೇಳಿದ ಹಾಗೆ. ಪ್ರತಿ ಮಧ್ಯಾಹ್ನ ಸೊಟ್ಟ ತಟ್ಟೆಯ ಮುಂದೆ ಕೂತಾಗ, ಎದುರು ಗೋಡೆಯಲ್ಲಿ ಚೌಕಟ್ಟು ಹಾಕಿಸಿದ ಆ ಫೋಟೋ ಕಾಣುತ್ತಿತ್ತು, ಕಂಡಾಗೆಲ್ಲ ನೆನಪಾಗುತ್ತಿತ್ತು. ಮುಂದಿನ ವಾರ ಮಾಡಿಬಿಡೋಣ ಎಂದುಕೊಂಡು ಕೈ ತೊಳೆಯುತ್ತಿದ್ದ.

ಒಂಬತ್ತನೇ ತಿಂಗಳ ಒಂದು ಬೆಳಗ್ಗೆ, ಹತ್ತೂವರೆ ಹೊತ್ತಿಗೆ, ಹಾಸಿಗೆ ತುಂಬಿದ ಪಿಕಪ್ಪು ಮುಂದೆ ಹಠಾತ್ತನೆ ನಿಂತ ನೀರಿನ ಟ್ಯಾಂಕರಿಗೆ ಗುದ್ದಿತು. ದೊಡ್ಡ ಗುದ್ದೇನಲ್ಲ. ಕಾಲು ಮುರಿಯಬಹುದಾದ, ಆಸ್ಪತ್ರೆಯಲ್ಲಿ ಒಂದು ತಿಂಗಳು ಮಲಗಿ ಎದ್ದು ಬರಬಹುದಾದ ಗುದ್ದು. ಆದರೆ ಬೆಂಕಿ ಹತ್ತಿಕೊಂಡಿತು. ಫೋಮಿನ ಹಾಸಿಗೆಗಳು ಹತ್ತಿಕೊಂಡ ಮೇಲೆ ಯಾರೂ ಹತ್ತಿರ ಹೋಗುವ ಹಾಗಿರಲಿಲ್ಲ.

ಮಣ್ಣು ಮಾಡಿ ಬಂದ ಮೂರನೇ ದಿನ, ಆ ರಸ್ತೆಯ ಬದಿಯ ಕ್ಷೌರದಂಗಡಿಯವನು ಮನೆ ಹುಡುಕಿಕೊಂಡು ಬಂದ. ಎರಡೂ ಕೈಗೆ ಬ್ಯಾಂಡೇಜು. ತಂಗಿ ಒಳಗಿದ್ದಳು. ಫ್ಯೂಸಣ್ಣ ಮೆಟ್ಟಿಲಿನ ಮೇಲೆ ಅವನ ಜೊತೆ ಕೂತ.

"ಬಾಗಿಲು ಎಳೆದೆ ಸ್ವಾಮಿ, ಬರ್ಲಿಲ್ಲ. ಸ್ಟೇರಿಂಗು ತೊಡೆ ಮೇಲೆ ಬಗ್ಗಿ ಕೂತಿತ್ತು. ಮನುಷ್ಯ ಚೆನ್ನಾಗೇ ಮಾತಾಡ್ತಿದ್ರು. ಕೀ, ಕೀ ಅಂತಿದ್ರು. ನಂಗೆ ಅರ್ಥ ಆಗ್ಲಿಲ್ಲ. ಎಂಜಿನ್ ಆಗ್ಲೇ ನಿಂತುಹೋಗಿತ್ತಲ್ಲ, ಇನ್ಯಾತಕ್ಕೆ ಕೀ ಅಂತ... ಕೈಯೇನೋ ಅತ್ಲಾಗೆ ಚಾಚ್ತಿದ್ರು, ಎಟುಕ್ತಿರ್ಲಿಲ್ಲ." ಬ್ಯಾಂಡೇಜಿನ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಹೇಳಿದ: "ಒಂದು ವಿಚಿತ್ರ ಹೇಳ್ಲಾ? ಎಂಜಿನ್ ನಿಂತ್ರೂ ಹಿಂದ್ಗಡೆ ಎಲ್ಲೋ ಗುಂಯ್ ಅಂತ ಸದ್ದು ಬರ್ತಾನೇ ಇತ್ತು. ನಾನು ಬಾಗಿಲು ಎಳೆಯೋವಷ್ಟು ಹೊತ್ತೂ ಇತ್ತು. ಆಮೇಲೆ ಮುಂದ್ಗಡೆ ಚುಸ್ಸಂತ ಬೆಂಕಿ ಎದ್ಬಿಡ್ತು."

ಬಂದವನಿಗೆ ನೀರು ಕೊಡಬೇಕು ಎಂಬುದೂ ಫ್ಯೂಸಣ್ಣನಿಗೆ ನೆನಪಾಗಲಿಲ್ಲ. ಎಂಜಿನ್ ನಿಂತ ಮೇಲೆ, ಒಡೆದ ಪೈಪಿನಿಂದ ಕಾದ ಕಬ್ಬಿಣದ ಮೇಲೆ ಪೆಟ್ರೋಲು ಸುರಿಯುತ್ತಲೇ ಇತ್ತು. ಸುರಿಸುತ್ತಿದ್ದದ್ದು ಸೀಟಿನ ಹಿಂದೆ ಭದ್ರವಾಗಿ ಕೂತಿದ್ದ ಬ್ಯಾಟರಿ, ಮತ್ತು ತಾನು ಟೇಪು ಸುತ್ತಿ ಅಡಗಿಸಿದ್ದ ಆ ಗೇಣುದ್ದದ ತಂತಿ.

ಸುಟ್ಟ ಗಾಡಿಯನ್ನು ಪೊಲೀಸು ಠಾಣೆಯ ಹಿಂದಿನ ಬಯಲಿನಲ್ಲಿ ಹಾಕಿದ್ದರು. ಅವತ್ತೇ ಮಧ್ಯಾಹ್ನ ಅಲ್ಲಿಗೆ ಹೋದ. ಕಾವಲಿನವನು ಗುರುತಿನವನು, "ನೋಡ್ಕೊಳ್ಳಿ ಫ್ಯೂಸಣ್ಣ, ಪಾಪ, ನಿಮ್ಮ ಭಾವಂದಲ್ವಾ" ಎಂದು ಬಿಟ್ಟ. ಟೇಪೆಲ್ಲ ಸುಟ್ಟು ಬೂದಿಯಾಗಿತ್ತು. ತಾಮ್ರ ಮಾತ್ರ ಹಾಗೇ ಉಳಿದಿತ್ತು, ಎರಡು ಕಡೆ ತಾನು ಹಾಕಿದ ಬೆಸುಗೆಯ ಸಮೇತ. ಯಾವ ಮೆಕ್ಯಾನಿಕ್ ನೋಡಿದರೂ ಒಂದೇ ನಿಮಿಷದಲ್ಲಿ ಅರ್ಥವಾಗುವಂತಿತ್ತು. ಅವನು ಜೇಬಿನಿಂದ ಕಟಿಂಗ್ ಪ್ಲೇಯರ್ ತೆಗೆದ. ಎರಡು ಕಡೆ ಕತ್ತರಿಸಿ, ಆ ತಾಮ್ರದ ತುಂಡನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದ. ಇದನ್ನು ಮುಚ್ಚಿಟ್ಟು ಅವನ ಕಥೆ ಹೇಳುವುದು ನನ್ನಿಂದಾಗದು. ಅವನು ಮಾಡಿದ್ದು ಅದನ್ನೇ.

ಮಾರನೆಯ ದಿನ ತಪಾಸಣೆಯ ಇನ್ಸ್‌ಪೆಕ್ಟರು ಬಂದು ನೋಡಿ, "ವೈರಿಂಗ್ ನೀವೇ ಮಾಡಿದ್ದಾ? ಸರಿಯಾಗಿತ್ತಾ?" ಎಂದು ಕೇಳಿದರು. "ಸರಿಯಾಗಿತ್ತು ಸಾರ್" ಎಂದ. ಬಾಗಿಲ ಹತ್ತಿರ ಅರ್ಧ ಕರಗಿದ ಸಿಗರೇಟ್ ಲೈಟರ್ ಸಿಕ್ಕಿತ್ತು. ಪೆಟ್ರೋಲ್ ಪೈಪು ಒಡೆದದ್ದರಿಂದ, ಚಾಲಕನು ಸೇದುತ್ತಿದ್ದ ಸಿಗರೇಟಿನಿಂದ ಬೆಂಕಿ ಎಂದು ಬರೆದು ಮುಗಿಸಿದರು. ಭಾವನ ಕೈಗಡಿಯಾರದ ಜೊತೆ ಲೈಟರನ್ನೂ ಒಂದು ಲಕೋಟೆಯಲ್ಲಿ ಹಾಕಿ ಮನೆಗೆ ಕಳಿಸಿದರು.

ಅಲ್ಲಿಯ ತನಕ ಅಳುತ್ತಿದ್ದ ತಂಗಿ ಆ ಲಕೋಟೆ ಬಿಚ್ಚಿದ ಮೇಲೆ ಅಳಲಿಲ್ಲ. ಲೈಟರನ್ನು ಅಡುಗೆಮನೆಯ ಗೂಡಿನಲ್ಲಿ, ಬಂದುಹೋಗುವಾಗ ಕಣ್ಣಿಗೆ ಬೀಳುವ ಜಾಗದಲ್ಲಿ ಇಟ್ಟಳು. ಗೋಡೆಯ ಫೋಟೋ ತೆಗೆದು ಬೀರುವಿನ ಹಿಂದೆ ನೂಕಿದಳು.

"ಆರು ವರ್ಷ ನನ್ನ ಮುಖ ನೋಡ್ಕೊಂಡು ಸುಳ್ಳು ಹೇಳಿದ್ರಲ್ಲ ಅಣ್ಣ" ಎಂದಳು. "ಪ್ರತಿ ರಾತ್ರಿ ಬಾಯಿ ಮೂಸಿ ನೋಡ್ತಿದ್ದೆ. ನಗ್ತಿದ್ರು. ನನ್ನ ಹುಚ್ಚಿ ಮಾಡಿದ್ರು."

"ಲೈಟರು ಸೇದೋಕಲ್ಲ ಕಣೇ. ನೈಲಾನ್ ಹಗ್ಗದ ತುದಿ ಬಿಚ್ಚಿಕೊಳ್ಳದ ಹಾಗೆ ಸುಡೋಕೆ ಇಟ್ಕೊಂಡಿದ್ದ. ಹಾಸಿಗೆ ಕಟ್ಟೋರೆಲ್ಲ ಇಟ್ಕೊಳ್ತಾರೆ."

ಅದು ನಿಜವೇ ಆಗಿತ್ತು. ಆದರೆ ಅರ್ಧ ನಿಜ. ತಂಗಿ ಅವನನ್ನೇ ನೋಡಿದಳು. "ಸತ್ತವರನ್ನ ಉಳಿಸೋಕೆ ನೀನೂ ಸುಳ್ಳು ಹೇಳ್ಬೇಡ ಅಣ್ಣ. ಮತ್ತೆ ಬೆಂಕಿ ಯಾವುದರಿಂದ ಬಂತು, ಹೇಳು?" ಆ ಪ್ರಶ್ನೆಗೆ ಪ್ರಪಂಚದಲ್ಲಿ ಉತ್ತರ ಗೊತ್ತಿದ್ದವನು ಅವನೊಬ್ಬನೇ. ಸೊಟ್ಟ ತಟ್ಟೆಯಲ್ಲಿದ್ದ ಅನ್ನ ಕಲಸುತ್ತ ಕೂತ.

ಮೂರು ತಿಂಗಳು ಹೀಗೇ ನಡೆಯಿತು. ಅಂಗಡಿಯಲ್ಲಿ ಅವನ ಸಿಡಿತ ನಿಂತುಹೋಗಿತ್ತು. ಗಿರಾಕಿಗಳು ಎಷ್ಟು ಕೆಣಕಿದರೂ "ಆಯ್ತು, ಬಿಟ್ಟುಹೋಗಿ" ಎನ್ನುತ್ತಿದ್ದ. ಭಾವ ಸತ್ತ ದುಃಖ ಎಂದು ಬೀದಿಯೆಲ್ಲ ಮರುಗಿತು. ತಾಮ್ರದ ತುಂಡು ಡ್ರಾಯರಿನಲ್ಲಿ, ಆ ಪುಟ್ಟ ಸ್ವಿಚ್ಚಿನ ಪಕ್ಕದಲ್ಲೇ ಇತ್ತು. ಹೇಳಿದರೆ ತಂಗಿಗೆ ಗಂಡನ ಮಾತು ವಾಪಸು ಸಿಗುತ್ತದೆ, ತನಗೆ ತಂಗಿ ಇಲ್ಲವಾಗುತ್ತಾಳೆ. ಹೇಳದಿದ್ದರೆ ಮಧ್ಯಾಹ್ನದ ಊಟ ಇರುತ್ತದೆ. ಇಷ್ಟೇ ವಿಷಯ. ಇದನ್ನು ಅವನು ದಿನಕ್ಕೆ ನೂರು ಸಲ ತೂಗುತ್ತಿದ್ದ, ದಿನವೂ ಊಟಕ್ಕೆ ಹೋಗುತ್ತಿದ್ದ. ನನಗೆ ಅವನ ಮೇಲೆ ಸಿಟ್ಟು ಬರುವುದು ತಂತಿಗಾಗಿ ಅಷ್ಟಲ್ಲ, ಈ ಮೂರು ತಿಂಗಳಿಗಾಗಿ.

ಆಮೇಲೆ ಪುಟ್ಟಿಗೆ ಜ್ವರ ಬಂತು. ನಾಲ್ಕು ದಿನ ಇಳಿಯಲೇ ಇಲ್ಲ. ತಂಗಿ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುತ್ತ, ಗೂಡಿನಲ್ಲಿದ್ದ ಲೈಟರನ್ನು ದಿಟ್ಟಿಸುತ್ತ, "ಇವಳ ಮೇಲೆ ಆಣೆ ಇಟ್ಟು ತಪ್ಪಿದರಲ್ಲ. ತಾವು ಹೋದ್ರು, ಈಗ ಇವಳನ್ನ ಎಳ್ಕೊಳ್ತಿದ್ದಾರೆ" ಎಂದು ತನ್ನಷ್ಟಕ್ಕೆ ಗೊಣಗಿಕೊಳ್ಳುತ್ತಿದ್ದಳು. ಮಗು ಕಣ್ಣು ತೆರೆದು ಎಲ್ಲ ಕೇಳಿಸಿಕೊಳ್ಳುತ್ತಿತ್ತು. ತಾಯಿ ನೀರು ತರಲು ಎದ್ದುಹೋದಾಗ, ಕಾಲಬಳಿ ಕೂತಿದ್ದ ಮಾವನನ್ನು ಸಣ್ಣ ದನಿಯಲ್ಲಿ ಕೇಳಿತು: "ಮಾವ, ಅಪ್ಪನಿಂದ ನಂಗೆ ಜ್ವರ ಬಂತಾ?"

"ಇಲ್ಲ ಪುಟ್ಟಿ" ಎಂದ. ಅಷ್ಟು ಹೇಳುವುದರೊಳಗೆ ಅವನಿಗೆ ಸಾಕುಸಾಕಾಗಿತ್ತು.

ಜ್ವರ ಬಿಟ್ಟ ಮೂರನೇ ದಿನ, ಮಧ್ಯಾಹ್ನ, ತಂಗಿ ತಟ್ಟೆ ಇಟ್ಟಳು. ಅವನು ಕೂರಲಿಲ್ಲ. ಬೀರುವಿನ ಹಿಂದೆ ಕೈ ಹಾಕಿ ಫೋಟೋ ಹೊರತೆಗೆದು, ಧೂಳು ಒರೆಸಿ, ಅವಳ ಮುಂದೆ ನೆಲದ ಮೇಲೆ ಇಟ್ಟ. ಪಕ್ಕದಲ್ಲಿ ಜೇಬಿನಿಂದ ತೆಗೆದ ತಾಮ್ರದ ತುಂಡು. ಫೋಟೋದಲ್ಲಿ ಭಾವ ನಗುತ್ತಿದ್ದ, ಮಡ್‌ಗಾರ್ಡಿನ ಮೇಲೆ ಪುಟ್ಟಿ ಕೂತಿದ್ದಳು, ಎತ್ತಿದ ಬಾನೆಟ್ಟಿನ ಕೆಳಗೆ ತಂತಿಗಳು ಒಪ್ಪವಾಗಿ ಸಾಲುಹಿಡಿದಿದ್ದವು. ಅವನು ಬೆರಳಿನಿಂದ ಒಂದು ಜಾಗ ತೋರಿಸಿದ.

"ಇಲ್ಲಿ ಟೇಪು ದಪ್ಪಗಿದೆ, ನೋಡು. ಇದರ ಒಳಗಿತ್ತು ಇದು."

ನಿಂತೇ ಹೇಳಿದ. ಪಂಪು, ಎರಡು ಎಣಿಕೆ, ಕೆಂಪು ಬಟ್ಟೆ, ಫೋಟೋ, ಡ್ರಾಯರಿನಲ್ಲಿದ್ದ ಸ್ವಿಚ್ಚು, ಕ್ಷೌರದವನು ಕೇಳಿದ ಸದ್ದು, ಕೀ ಕೀ ಎಂದದ್ದು, ಠಾಣೆಯ ಬಯಲಿನಲ್ಲಿ ತಾನು ಕತ್ತರಿಸಿ ತಂದದ್ದು, ಇನ್ಸ್‌ಪೆಕ್ಟರಿಗೆ ಸುಳ್ಳು ಹೇಳಿದ್ದು. ಏನನ್ನೂ ಬಿಡಲಿಲ್ಲ. "ನಾಳೆ ಬೆಳಗ್ಗೆ ಇನ್ಸ್‌ಪೆಕ್ಟರ ಹತ್ರ ಹೋಗಿ ಇದನ್ನ ಕೊಡ್ತೀನಿ. ಅದಕ್ಕೆ ಮೊದಲು ನಿನಗೆ ಹೇಳ್ಬೇಕಿತ್ತು" ಎಂದ.

ತಂಗಿ ಬಹಳ ಹೊತ್ತು ಫೋಟೋದ ಆ ಜಾಗವನ್ನೇ ನೋಡಿದಳು. ಕೆಳಗೆ ಬೀದಿಯಲ್ಲಿ ಯಾರೋ ಸ್ಕೂಟರ್ ಒದ್ದು ಒದ್ದು ಚಾಲೂ ಮಾಡಲು ನೋಡುತ್ತಿದ್ದರು.

"ಅಂದ್ರೆ ಅವರು ಸೇದ್ತಾ ಇರ್ಲಿಲ್ಲ."

"ಇಲ್ಲ."

"ಕೊನೇವರೆಗೂ?"

"ಕೊನೇವರೆಗೂ ಕಣೇ. ಲೈಟರು ಹಗ್ಗಕ್ಕೇ."

ಆಗ ಅವಳು ಅತ್ತಳು. ಮೂರು ತಿಂಗಳು ಕಟ್ಟಿಟ್ಟದ್ದೆಲ್ಲ ಒಮ್ಮೆಲೇ ಬಂತು. ಚೌಕಟ್ಟನ್ನು ಎದೆಗೆ ಒತ್ತಿಕೊಂಡು, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಅವನು ಒಂದು ಹೆಜ್ಜೆ ಮುಂದಿಟ್ಟಾಗ ಅಂಗೈ ಎತ್ತಿ ತಡೆದಳು, ಮುಖ ನೋಡಲಿಲ್ಲ. ಅತ್ತು ಮುಗಿದ ಮೇಲೆ ಎದ್ದು, ಮುಖ ತೊಳೆದು, ಗೂಡಿನಲ್ಲಿದ್ದ ಲೈಟರ್ ತೆಗೆದು ಗಂಡನ ಗಡಿಯಾರದ ಪಕ್ಕ ಇಟ್ಟಳು. ಫೋಟೋವನ್ನು ಅದೇ ಮೊಳೆಗೆ ಸಿಕ್ಕಿಸಿದಳು. ಆಮೇಲೆ ಒಳಕೋಣೆಯಿಂದ ಮಗಳನ್ನು ಕರೆದಳು.

ಪುಟ್ಟಿ ಜ್ವರದಲ್ಲಿ ಬಡವಾಗಿ, ಹೊದಿಕೆ ಸುತ್ತಿಕೊಂಡೇ ಬಂದು ನಿಂತಳು. ತಾಯಿ ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು.

"ಪುಟ್ಟಿ, ನಿಮ್ಮಪ್ಪ ಮಾತು ತಪ್ಪಿರ್ಲಿಲ್ಲ. ಸುಳ್ಳೂ ಹೇಳಿರ್ಲಿಲ್ಲ. ಅಮ್ಮನೇ ತಪ್ಪು ತಿಳ್ಕೊಂಡಿದ್ದು."

ಮಗು ಗೋಡೆಯ ಫೋಟೋ ನೋಡಿತು, ಅಮ್ಮನ ಕೆಂಪಾದ ಕಣ್ಣು ನೋಡಿತು. "ಮತ್ತೆ ಬೆಂಕಿ ಹೇಗೆ ಬಂತಮ್ಮಾ?"

ತಂಗಿ ಎದ್ದು ನಿಂತಳು. ಅವತ್ತು ಮೊದಲ ಸಲ ಅಣ್ಣನ ಮುಖಕ್ಕೆ ಮುಖ ಕೊಟ್ಟಳು. ದನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ನೀನೇ ಹೇಳು ಅಣ್ಣ. ನಂಗೆ ಹೇಳಿದ ಹಾಗೇ ಹೇಳು. ಅವಳಿಗೆ ಅರ್ಥ ಆಗೋ ಹಾಗೆ. ಹೇಳಿ ಹೋಗು."

ಹೋಗು ಎಂಬ ಮಾತು ಅವನಿಗೆ ಅರ್ಥವಾಯಿತು. ನೆಲದ ಮೇಲೆ ಖಾಲಿ ತಟ್ಟೆ ಹಾಗೇ ಇತ್ತು. ಅವನು ಮಗುವಿನ ಎತ್ತರಕ್ಕೆ ಮಂಡಿಯೂರಿ ಕೂತ. "ಪುಟ್ಟಿ, ಗಾಡಿ ಎದ್ದ ಕೂಡ್ಲೇ ಗುಂಯ್ ಅನ್ನುತ್ತಲ್ಲ..." ಎಂದು ಶುರು ಮಾಡಿದ. ಮುಂದೆ ಹೇಳಬೇಕಾಗಿ ಬರಲಿಲ್ಲ. ಮಗುವಿನ ಮುಖದಲ್ಲಿ ಏನೋ ನೆನಪಾದದ್ದು ಅವನಿಗೆ ಕಾಣಿಸಿತು.

"ಅಪ್ಪನ ಗಾಡೀದು ನಿಲ್ಲಲೇ ಇಲ್ಲ ಅಲ್ವಾ ಮಾವ? ನಾನು ಹೇಳಿದ್ನಲ್ಲ. ಹತ್ತರವರೆಗೂ ಎಣಿಸಿದ್ದೆ."

"ಹೌದು ಪುಟ್ಟಿ" ಎಂದ. "ಎಣಿಸಿದ್ದೆ. ನೀನು ಸರಿಯಾಗೇ ಎಣಿಸಿದ್ದೆ."